ಆರಂಭಿಕ ದಂತಕ್ಷಯ: ಪತ್ತೆ ಮತ್ತು ನಿರ್ವಹಣೆ

ಹಲ್ಲಿನ ಮೈಯಿಂದ ಖನಿಜ ಕರಗತೊಡಗಿದ್ದರೂ ಇನ್ನೂ ಕುಳಿ ಬೀಳದಿರುವ ಹಂತವೇ ಆರಂಭಿಕ ದಂತಕ್ಷಯ. ಆಡುಮಾತಿನಲ್ಲಿ ಹುಳುಕು ಎನ್ನುವ ರೋಗದ ಮೊದಲ ಮಜಲು ಇದು. ಈ ಹಂತದಲ್ಲಿ ನೋವಿರುವುದಿಲ್ಲ, ತಣ್ಣೀರು ತಗುಲಿದರೆ ಹಲ್ಲು ಜುಮ್ಮೆನ್ನುವುದೂ ಇಲ್ಲ. ಆದ್ದರಿಂದ ರೋಗಿಗೆ ತಾನಾಗಿ ತಿಳಿಯುವುದು ಅಪರೂಪ, ದಂತವೈದ್ಯರು ನೋಡಿದಾಗಲೇ ಅನುಮಾನ ಹುಟ್ಟುತ್ತದೆ. ಈ ಲೇಖನದಲ್ಲಿ ಹಲ್ಲಿನ ಹೊರಗವಚವನ್ನು ಎನಾಮೆಲ್ ಎಂದೂ ಅದರೊಳಗಿನ ಪದರವನ್ನು ಡೆಂಟಿನ್ ಎಂದೂ ಹಲ್ಲಿಗೆ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳ ಪೊರೆಯನ್ನು ಪ್ಲಾಕ್ ಎಂದೂ ಕರೆದಿದೆ. ಖನಿಜ ಕಳೆದುಕೊಂಡರೂ ಮೈ ಒಡೆಯದ ಭಾಗ ಮಚ್ಚೆ, ಮೈ ಒಡೆದು ತಗ್ಗಾದ ಭಾಗ ಕುಳಿ. ಇವೆರಡರ ನಡುವಿನ ಗೆರೆಯನ್ನು ಕಾಯ್ದುಕೊಳ್ಳುವುದು ಮುಖ್ಯ. ಕುಳಿಗೆ ಒಪ್ಪುವ ಚಿಕಿತ್ಸೆಯನ್ನು ಮಚ್ಚೆಗೂ ಮಾಡಿದ್ದರಿಂದಲೇ 20ನೇ ಶತಮಾನದಲ್ಲಿ ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳು ಕೊರೆತಕ್ಕೆ ಒಳಗಾದವು.

ಕಾರಣ ಮತ್ತು ಕ್ರಮ

ಪ್ಲಾಕ್‌ನಲ್ಲಿರುವ ಬ್ಯಾಕ್ಟೀರಿಯಾಗಳು ಆಹಾರದ ಸಕ್ಕರೆಯನ್ನು ಹುದುಗಿಸಿ ಆಮ್ಲ ಉಂಟುಮಾಡುತ್ತವೆ. ಪ್ಲಾಕ್‌ನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್‌ನ ಹೈಡ್ರಾಕ್ಸಿಅಪಟೈಟ್ ಹರಳುಗಳು ಕರಗುತ್ತವೆ. ವಸಡು ಸರಿದು ಬೇರು ಹೊರಗೆ ಕಂಡಿರುವ ಹಿರಿಯರಲ್ಲಿ ಬೇರಿನ ಮೈ ಇದಕ್ಕಿಂತ ಸೌಮ್ಯವಾದ ಆಮ್ಲಕ್ಕೇ ಕರಗಬಲ್ಲದು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿಯುತ್ತದೆ. ಜೊಲ್ಲು ಆಮ್ಲವನ್ನು ತಣಿಸಿ ಅದನ್ನು ಮೊದಲಿನ ಮಟ್ಟಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಈ ಏರಿಳಿತವನ್ನು 1940ರ ದಶಕದಲ್ಲಿ ಅಳೆದು ತೋರಿಸಿದವರು ಅಮೆರಿಕದ ರಾಬರ್ಟ್ ಸ್ಟೀಫನ್. ಪಿಎಚ್ ಮೇಲೇರಿದಾಗ ಜೊಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹಲ್ಲಿಗೆ ಮರಳುತ್ತವೆ. ಅಲ್ಲಿ ಫ್ಲೋರೈಡ್ ಇದ್ದರೆ ಮರಳುವ ಖನಿಜ ಹೆಚ್ಚು ಬೇಗ ಕೂಡುತ್ತದೆ, ಕೂಡಿದ್ದು ಆಮ್ಲಕ್ಕೆ ಹೆಚ್ಚು ಜಗ್ಗದಂತಾಗುತ್ತದೆ. ಹೀಗೆ ದಿನಕ್ಕೆ ಹಲವು ಸಲ ಹಲ್ಲು ಖನಿಜ ಕಳೆದುಕೊಂಡು ಮತ್ತೆ ಪಡೆಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ನಷ್ಟವೇ ಮೇಲಾದರೆ ಮಚ್ಚೆ ಕಾಣಿಸಿಕೊಳ್ಳುತ್ತದೆ. ದಂತಕ್ಷಯವನ್ನು ಒಂದು ಘಟನೆಯೆಂದು ನೋಡದೆ ಸಮತೋಲ ತಪ್ಪಿದ ಒಂದು ಪ್ರಕ್ರಿಯೆಯೆಂದು ನೋಡಬೇಕು ಎನ್ನುವುದಕ್ಕೆ ಇದೇ ಆಧಾರ. ಮುಂದೆ ಬರುವ ಪತ್ತೆ ಮತ್ತು ಚಿಕಿತ್ಸೆಯ ತರ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ತಿಳಿವಳಿಕೆ ಬೆಳೆದ ಬಗೆ

ಹಲ್ಲಿನೊಳಗೆ ಹುಳು ಕೂತು ಕೊರೆಯುತ್ತದೆಂಬ ನಂಬಿಕೆ ಹಲವು ನಾಗರಿಕತೆಗಳಲ್ಲಿ ಬೇರೂರಿತ್ತು. ಫ್ರಾನ್ಸಿನ ಪಿಯರ್ ಫೋಷಾರ್ 1728ರ ತಮ್ಮ ಗ್ರಂಥದಲ್ಲಿ ಅದನ್ನು ಒಪ್ಪಲಿಲ್ಲ. ಬರ್ಲಿನ್‌ನಲ್ಲಿ ಕೆಲಸ ಮಾಡಿದ ಅಮೆರಿಕನ್ ವಿಜ್ಞಾನಿ ವಿಲ್ಲೊಬಿ ಮಿಲ್ಲರ್, ಬಾಯಿಯ ಸೂಕ್ಷ್ಮಜೀವಿಗಳು ಉಂಟುಮಾಡುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ವಿವರಿಸಿದರು. 1924ರಲ್ಲಿ ಕ್ಲಾರ್ಕ್ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ ಬಹುಕಾಲ ಅದೊಂದೇ ಅಪರಾಧಿಯೆಂಬ ಭಾವನೆ ಉಳಿದಿತ್ತು. 1994ರಲ್ಲಿ ಫಿಲಿಪ್ ಮಾರ್ಷ್ ಮಂಡಿಸಿದ ಪರಿಸರ ಸಿದ್ಧಾಂತ ಈ ನೋಟವನ್ನು ಬದಲಿಸಿತು: ರೋಗ ಹೊರಗಿನಿಂದ ಬಂದ ಸೋಂಕಲ್ಲ, ಪದೇ ಪದೇ ಆಮ್ಲ ಹುಟ್ಟುವ ವಾತಾವರಣದಲ್ಲಿ ಬಾಯಲ್ಲೇ ಇರುವ ಆಮ್ಲಪ್ರಿಯ ಜೀವಿಗಳ ಸಂಖ್ಯೆ ಮೇಲುಗೈ ಪಡೆಯುವುದೇ ರೋಗ.

ಚಿಕಿತ್ಸೆಯ ಕಡೆ ಬದಲಾವಣೆ ಇನ್ನೂ ನಿಧಾನವಾಗಿ ಬಂತು. 1908ರಲ್ಲಿ ಜಿ. ವಿ. ಬ್ಲಾಕ್ ಪ್ರಕಟಿಸಿದ ಶಸ್ತ್ರದಂತವೈದ್ಯದ ಗ್ರಂಥ ಕುಳಿಗಳನ್ನು ವರ್ಗೀಕರಿಸಿ ಕೊರೆಯುವ ಕ್ರಮವನ್ನು ನಿಗದಿಪಡಿಸಿತು. ಮುಂದೆ ಹುಳುಕು ಹಿಡಿಯಬಹುದಾದ ಪಕ್ಕದ ಗೀರುಗಳನ್ನೂ ಈಗಲೇ ಕೊರೆದು ತುಂಬಿಬಿಡಬೇಕು ಎಂಬುದು ಅದರ ಸೂತ್ರಗಳಲ್ಲೊಂದು. ಹಲ್ಲಿಗೆ ತಾನಾಗಿ ಅಂಟದ ಬೆಳ್ಳಿ ಅಮಾಲ್ಗಮ್ ಬಿಟ್ಟರೆ ಬೇರೆ ಅಗ್ಗದ ಸಾಮಗ್ರಿಯಿಲ್ಲದ, ಫ್ಲೋರೈಡ್ ಪೇಸ್ಟ್ ಇಲ್ಲದ ಕಾಲಕ್ಕೆ ಆ ಸೂತ್ರ ಅಸಂಬದ್ಧವಾಗಿರಲಿಲ್ಲ. ಆದರೆ 1955ರಲ್ಲಿ ಬ್ಯೂನೊಕೋರ್ ಎನಾಮೆಲ್‌ನ ಮೈಯನ್ನು ಆಮ್ಲದಿಂದ ತರಿಯಾಗಿಸಿ ರೆಸಿನ್ ಅಂಟಿಸುವುದನ್ನು ತೋರಿಸಿಕೊಟ್ಟ ಮೇಲೂ, 1972ರಲ್ಲಿ ವಿಲ್ಸನ್ ಮತ್ತು ಕೆಂಟ್ ಗ್ಲಾಸ್ ಅಯೊನೊಮರ್ ಸಿಮೆಂಟ್ ವರದಿ ಮಾಡಿದ ಮೇಲೂ ಕೊರೆಯುವ ಅಭ್ಯಾಸ ಕಾಲೇಜುಗಳಲ್ಲಿ ದಶಕಗಟ್ಟಲೆ ಉಳಿಯಿತು. ಕಾರಣಗಳು ಹೋದರೂ ಸೂತ್ರ ಮಾತ್ರ ನಿಂತುಬಿಟ್ಟಿತು.

ಮಚ್ಚೆಯ ರಚನೆ

ಆರಂಭಿಕ ಮಚ್ಚೆಯಲ್ಲಿ ಮೇಲ್ಪದರ ಬಹುಮಟ್ಟಿಗೆ ಗಟ್ಟಿಯಾಗಿಯೇ ಉಳಿದು, ಖನಿಜ ಹೆಚ್ಚಾಗಿ ಹೋಗುವುದು ಅದರಡಿಯಲ್ಲಿ. ತೆಳ್ಳಗಿನ ಈ ಮೇಲ್ಪದರವಿದ್ದರೆ ಮರುಖನಿಜೀಕರಣ ಸಾಧ್ಯ, ಅದು ಮುರಿದರೆ ಪ್ಲಾಕ್‌ಗೆ ಒಳಗೆ ಮನೆ ಸಿಗುತ್ತದೆ. ಖನಿಜ ಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳಾಗುತ್ತವೆ. ಎನಾಮೆಲ್‌ನ ವಕ್ರೀಭವನಾಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ರಂಧ್ರಗಳಲ್ಲಿ ನೀರಿದ್ದಾಗ ಬೆಳಕು ಕಡಿಮೆ ಚದುರುತ್ತದೆ, ಮಚ್ಚೆ ಮರೆಯಾಗಿರುತ್ತದೆ. ಗಾಳಿ ಊದಿ ಒಣಗಿಸಿದರೆ ವಕ್ರೀಭವನಾಂಕಗಳ ಅಂತರ ಹಿಗ್ಗಿ ಸುಣ್ಣದ ಬಿಳುಪು ಎದ್ದು ಕಾಣುತ್ತದೆ. ಒಣಗಿಸಿದಾಗ ಮಾತ್ರ ಕಾಣುವ ಮಚ್ಚೆ ಸಾಮಾನ್ಯವಾಗಿ ಎನಾಮೆಲ್‌ನ ಹೊರಭಾಗಕ್ಕೆ ಸೀಮಿತ, ಒದ್ದೆಯಿದ್ದಾಗಲೂ ಕಂಡರೆ ಇನ್ನಷ್ಟು ಆಳಕ್ಕಿಳಿದಿದೆ. ಸಾಧನಗಳಲ್ಲಿ ಅತ್ಯಂತ ಅಗ್ಗದ್ದು ಊದುವ ಗಾಳಿ. ಅದು ಇಷ್ಟು ತಿಳಿಸುವಾಗ, ಜೊಲ್ಲು ತುಂಬಿದ ಬಾಯಿಗೆ ಒಮ್ಮೆ ಟಾರ್ಚ್ ಹಿಡಿದು ಮುಗಿಸುವ ತಪಾಸಣೆಯನ್ನು ತಪಾಸಣೆಯೆನ್ನಲಾಗದು.

ಪತ್ತೆ

ಪತ್ತೆಯ ಮೊದಲ ಉಪಕರಣ ಕಣ್ಣು. ಪ್ಲಾಕ್ ತೆಗೆದು, ಹತ್ತಿಯುಂಡೆಯಿಟ್ಟು, ಸುಮಾರು 5 ಸೆಕೆಂಡು ಗಾಳಿ ಊದಿ, ಒಳ್ಳೆಯ ಬೆಳಕಿನಲ್ಲಿ ಹಲ್ಲಿನ ಪ್ರತಿ ಮೈಯನ್ನೂ ನೋಡಬೇಕು. ಕಂಡದ್ದನ್ನು ಒಂದೇ ಭಾಷೆಯಲ್ಲಿ ದಾಖಲಿಸಲು 2002ರಿಂದ ರೂಪುಗೊಂಡ ಐಸಿಡಾಸ್ ಪದ್ಧತಿಯಲ್ಲಿ 0ಯಿಂದ 6ರವರೆಗೆ ಅಂಕಗಳಿವೆ. 0 ಎಂದರೆ ಆರೋಗ್ಯದ ಹಲ್ಲು. 1, ಒಣಗಿಸಿದಾಗ ಕಾಣುವ ಮಚ್ಚೆ. 2, ಒದ್ದೆಯಲ್ಲೂ ಕಾಣುವ ಮಚ್ಚೆ. 3, ಎನಾಮೆಲ್‌ನಲ್ಲಿ ಮಾತ್ರ ಸಣ್ಣ ಒಡಕು. 4, ಒಳಗಿನ ಡೆಂಟಿನ್‌ನಿಂದ ಮೂಡಿದ ಕಪ್ಪು ನೆರಳು. 5 ಮತ್ತು 6, ಡೆಂಟಿನ್ ಕಾಣುವ ಕುಳಿಗಳು. ಈ ಲೇಖನದ ವ್ಯಾಪ್ತಿ 1 ಮತ್ತು 2. ಸಂದೇಹದ ಗಡಿ 3.

ಮೊನಚು ಎಕ್ಸ್‌ಪ್ಲೋರರ್‌ನಿಂದ ಗೀರನ್ನು ಒತ್ತಿ, ಸಿಕ್ಕಿಕೊಂಡರೆ ಹುಳುಕು ಎನ್ನುವ ಹಳೆಯ ಪರೀಕ್ಷೆ ಈಗ ಮಾನ್ಯವಲ್ಲ. ಗೀರು ಕಿರಿದಾಗಿದ್ದರೂ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಕಡ್ಡಿಯ ಒತ್ತಡ ಮಚ್ಚೆಯ ತೆಳು ಮೇಲ್ಪದರವನ್ನೇ ಮುರಿದು, ಇಲ್ಲದ ಕುಳಿಯನ್ನು ಮಾಡಬಲ್ಲದು. ಕಡ್ಡಿ ಬಳಸಿದ್ದರಿಂದ ಗೀರಿನ ಹುಳುಕಿನ ಪತ್ತೆ ಹೆಚ್ಚು ನಿಖರವಾಗಲಿಲ್ಲ ಎಂದು ಆಡ್ರಿಯನ್ ಲುಸ್ಸಿ 1991ರಲ್ಲಿ ತೋರಿಸಿದರು. ತುದಿಯಲ್ಲಿ 0.5 ಮಿಲಿಮೀಟರ್ ಗುಂಡಿರುವ ಪ್ರೋಬನ್ನು ಒತ್ತದೆ ಮೇಲೆ ಎಳೆದು, ಮೈ ನುಣುಪೋ ಒರಟೋ ಎಂದು ತಿಳಿಯುವುದಷ್ಟೇ ಇಂದಿನ ಕ್ರಮ.

ಎರಡು ಹಲ್ಲು ಒತ್ತಿಕೊಂಡ ಸಂದಿಗೆ ಕಣ್ಣು ತಲುಪದು. ಅಲ್ಲಿ ಬೈಟ್‌ವಿಂಗ್ ಎಕ್ಸ್‌ರೇ ಬೇಕು. 1925ರಲ್ಲಿ ಹೊವರ್ಡ್ ರೇಪರ್ ರೂಪಿಸಿದ ಈ ವಿಧಾನ ಇಂದಿಗೂ ಸಂದಿಯ ಮಚ್ಚೆಗೆ ಮುಖ್ಯ ಸಾಧನ. ಚಿತ್ರದಲ್ಲಿ ಮಚ್ಚೆ ಎನಾಮೆಲ್‌ನ ಹೊರ ಅರ್ಧದಲ್ಲಿದೆಯೇ, ಒಳ ಅರ್ಧದಲ್ಲಿದೆಯೇ, ಡೆಂಟಿನ್‌ನ ಎಷ್ಟನೇ ಪಾಲಿಗೆ ಇಳಿದಿದೆ ಎಂದು ಗುರುತಿಸುತ್ತಾರೆ. ಆದರೆ ಎಕ್ಸ್‌ರೇಯಲ್ಲಿ ನೆರಳು ಬೀಳುವಷ್ಟು ಖನಿಜ ಹೋಗುವ ಹೊತ್ತಿಗೆ ನಷ್ಟ ಗಣನೀಯವಾಗಿರುತ್ತದೆ, ಆದ್ದರಿಂದ ನಿಜವಾದ ಆಳ ಚಿತ್ರಕ್ಕಿಂತ ತುಸು ಹೆಚ್ಚೇ. ಇನ್ನೂ ಮುಖ್ಯವಾದ ಮಿತಿಯೆಂದರೆ, ಮೈ ಒಡೆದಿದೆಯೇ ಎಂಬುದನ್ನು ಚಿತ್ರ ಹೇಳದು. ಎನಾಮೆಲ್‌ಗೆ ಸೀಮಿತವಾದ ನೆರಳಿನಲ್ಲಿ ಒಡಕು ಅಪರೂಪ, ಡೆಂಟಿನ್‌ನ ಆಳಕ್ಕೆ ಹೋದದ್ದರಲ್ಲಿ ಸಾಮಾನ್ಯ. ನಡುವಿನದರಲ್ಲಿ ಸಂದೇಹ ಉಳಿದರೆ, ಹಲ್ಲು ಸರಿಪಡಿಸುವವರು ಬಳಸುವ ರಬ್ಬರ್ ಉಂಗುರವನ್ನು ಎರಡು ಮೂರು ದಿನ ಸಂದಿಯಲ್ಲಿಟ್ಟು ಹಲ್ಲುಗಳನ್ನು ತುಸು ಸರಿಸಿ, ನೇರವಾಗಿ ನೋಡಬಹುದು. ಕೆಲವೇ ರೂಪಾಯಿಯ ಈ ಉಪಾಯವನ್ನು ಬಿಟ್ಟು ನೇರವಾಗಿ ಕೊರೆಯುವ ಬರ್ ಹಿಡಿಯುವುದಕ್ಕೆ ಸಮರ್ಥನೆ ಕಾಣದು.

ಕೆಂಪು ಲೇಸರಿನ ಪ್ರತಿದೀಪ್ತಿಯನ್ನು ಅಂಕಿಯಾಗಿ ತೋರಿಸುವ ಉಪಕರಣ, ನೀಲಿ ಬೆಳಕಿನ ಪ್ರತಿದೀಪ್ತಿ ಕ್ಯಾಮೆರಾ, ಹಲ್ಲಿನ ಮೂಲಕ ಬೆಳಕು ಹಾಯಿಸುವ ನಾರುದೀಪ ಇವೆಲ್ಲ ಪೂರಕ ಸಾಧನಗಳು. ಲೇಸರ್ ಅಂಕಿ ಕಲೆಗೂ ಗಾರೆಗೂ ಉಳಿದ ಪೇಸ್ಟಿಗೂ ಏರುತ್ತದೆ. ಎಲೆಅಡಿಕೆಯ ಕಲೆ ಹಿಡಿದ ಹಲ್ಲಿನಲ್ಲಿ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಸಾಧನ ಯಾವುದೇ ಇರಲಿ, ಲೆಕ್ಕವೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪರೀಕ್ಷಿಸಿದ 1000 ಮೈಗಳಲ್ಲಿ 50ರಲ್ಲಿ ಮಾತ್ರ ನಿಜವಾಗಿ ರೋಗವಿದೆ ಎಂದು ಭಾವಿಸೋಣ. ಪರೀಕ್ಷೆ ರೋಗವಿದ್ದಲ್ಲಿ 100ಕ್ಕೆ 80 ಸಲ ಹಿಡಿಯುತ್ತದೆ, ರೋಗವಿಲ್ಲದಲ್ಲಿ 100ಕ್ಕೆ 90 ಸಲ ಇಲ್ಲವೆನ್ನುತ್ತದೆ. ಆಗ ಸರಿಯಾಗಿ ಸಿಕ್ಕುವುದು 40. ಆರೋಗ್ಯವಾಗಿದ್ದೂ ರೋಗವೆನಿಸಿಕೊಳ್ಳುವುದು 95. ರೋಗವಿದೆಯೆಂದ 135ರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ತಪ್ಪು. ಸಾಧಾರಣ ಒಳ್ಳೆಯದೆನ್ನಬಹುದಾದ ಪರೀಕ್ಷೆಯ ಫಲ ಇದು! ರೋಗದ ಹರವು ಕಡಿಮೆಯಾದಂತೆ ಸುಳ್ಳು ಅನುಮಾನಗಳ ಪಾಲು ಏರುತ್ತದೆ. ಅನುಮಾನದ ಬೆನ್ನಿಗೆ ಬರುವ ಕ್ರಮ ಫ್ಲೋರೈಡ್ ಲೇಪವಾದರೆ ಈ ತಪ್ಪಿನ ಬೆಲೆ ಅತ್ಯಲ್ಪ, ಕೊರೆತವಾದರೆ ಮರಳಿ ಪಡೆಯಲಾಗದ ನಷ್ಟ. ರೋಗನಿರ್ಣಯ ಖಚಿತವಾಗದ ಹಂತದಲ್ಲಿ ಹಿಂದಕ್ಕೆ ಹೋಗಬಲ್ಲ ಚಿಕಿತ್ಸೆಯನ್ನೇ ಆರಿಸಬೇಕು ಎಂಬ ವಾದಕ್ಕೆ ಈ ಗಣಿತವೇ ದೊಡ್ಡ ಬೆಂಬಲ.

ಕ್ರಿಯಾಶೀಲತೆ

ಮಚ್ಚೆ ಇದೆಯೆಂದು ತಿಳಿದರೆ ಸಾಲದು, ಅದು ಬೆಳೆಯುತ್ತಿದೆಯೇ ನಿಂತಿದೆಯೇ ಎಂಬುದೂ ತಿಳಿಯಬೇಕು. 1999ರಲ್ಲಿ ಬೆಂಟೆ ನ್ಯುವಾಡ್ ಮತ್ತು ಸಂಗಡಿಗರು ಪ್ರಕಟಿಸಿದ ಮಾನದಂಡಗಳು ಇದಕ್ಕೆ ಆಧಾರ. ಹೊಳಪಿಲ್ಲದ, ಬಿಳಿ ಅಥವಾ ಹಳದಿ ಛಾಯೆಯ, ಪ್ರೋಬಿಗೆ ಒರಟಾಗಿ ತಾಗುವ, ಪ್ಲಾಕ್ ಮುಚ್ಚಿದ ಮಚ್ಚೆ ಕ್ರಿಯಾಶೀಲ. ಹೊಳೆಯುವ, ನುಣುಪಾದ, ಕೆಲವೊಮ್ಮೆ ಕಂದು ಅಥವಾ ಕಪ್ಪಾದ ಮಚ್ಚೆ ನಿಂತುಹೋದದ್ದು. ಅದು ಹಳೆಯ ಗಾಯದ ಕಲೆಯಷ್ಟೇ. ಕಪ್ಪಾಗಿರುವುದೆಲ್ಲ ಹುಳುಕು ಎಂಬ ಜನರ ಭಯ ಇಲ್ಲಿ ತಲೆಕೆಳಗಾಗಿದೆ: ಹಲವು ಸಲ ಕಪ್ಪು ಗೀರಿಗಿಂತ ವಸಡಿನಂಚಿನ ಮಸುಕು ಬಿಳುಪೇ ಹೆಚ್ಚು ಆತಂಕದ್ದು.

ಹೋಲುವ ಇತರ ಸ್ಥಿತಿಗಳು

ಬಿಳುಪೆಲ್ಲ ದಂತಕ್ಷಯವಲ್ಲ. ಕರ್ನಾಟಕದ ಮಟ್ಟಿಗೆ ಮೊದಲು ಬೇರ್ಪಡಿಸಬೇಕಾದದ್ದು ಫ್ಲೋರೋಸಿಸ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸೂಚಿಸುವ ಮಟ್ಟ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ ಗರಿಷ್ಠ 1.5. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಬಾಯಿಯ ಎಡಬಲಗಳ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯ ಅಡ್ಡಗೆರೆಗಳು, ಮಸುಕು ಬಿಳುಪು, ತೀವ್ರವಾದಾಗ ಕಂದು ಕಲೆ ಮತ್ತು ಗುಳಿಗಳು ಕಾಣುತ್ತವೆ. ದಂತಕ್ಷಯದ ಮಚ್ಚೆ ಹಾಗಲ್ಲ. ಪ್ಲಾಕ್ ನಿಲ್ಲುವ ಕಡೆ, ವಸಡಿನಂಚಿಗೆ ಬಾಗಿದ ಆಕಾರದಲ್ಲಿ, ಜೋಡಿಯ ನಿಯಮವಿಲ್ಲದೆ ಮೂಡುತ್ತದೆ. ಇದಲ್ಲದೆ ಮೊದಲ ದವಡೆ ಹಲ್ಲು ಮತ್ತು ಬಾಚಿ ಹಲ್ಲುಗಳಲ್ಲಿ ಹುಟ್ಟಿನಿಂದಲೇ ಖನಿಜ ಕೊರತೆಯಿರುವ ಸ್ಥಿತಿಯೊಂದಿದೆ. ಕೆನೆ ಅಥವಾ ಕಂದು ಬಣ್ಣದ, ಅಂಚು ಸ್ಪಷ್ಟವಾದ ಅದರ ಮಚ್ಚೆಗಳು ಹಲ್ಲು ಮೂಡಿದ ಕೂಡಲೇ ಕಾಣುತ್ತವೆ.

ನಿರ್ವಹಣೆ

ಮಚ್ಚೆ ಹಿಂದಕ್ಕೆ ಹೋಗಬಲ್ಲದು ಎಂಬುದಕ್ಕೆ ಎರಡು ಹಳೆಯ ಅಧ್ಯಯನಗಳು ಇಂದಿಗೂ ಗಟ್ಟಿ ಸಾಕ್ಷಿ. ನೆದರ್ಲೆಂಡ್ಸ್‌ನ ಬಾಕರ್ ಡಿರ್ಕ್ಸ್ 8ರ ವಯಸ್ಸಿನ ಮಕ್ಕಳ ಮೇಲಿನ ಮೊದಲ ದವಡೆ ಹಲ್ಲುಗಳ ಕೆನ್ನೆಬದಿಯಲ್ಲಿದ್ದ 72 ಬಿಳಿ ಮಚ್ಚೆಗಳನ್ನು ಅವರಿಗೆ 15 ಆದಾಗ ಮತ್ತೆ ನೋಡಿ 1966ರಲ್ಲಿ ಪ್ರಕಟಿಸಿದರು: 37 ಕಾಣದಾಗಿದ್ದವು, 26 ಹಾಗೆಯೇ ಇದ್ದವು, ಕುಳಿಯಾದದ್ದು 9 ಮಾತ್ರ. ಹಲ್ಲು ಪೂರ್ತಿ ಮೂಡಿದಾಗ ಆ ಮೈ ವಸಡಿನ ಆಸರೆಯಿಂದ ಹೊರಬಂದು ಪ್ಲಾಕ್ ನಿಲ್ಲದಂತಾದದ್ದು ಇದರ ಒಂದು ಕಾರಣ. 1970ರಲ್ಲಿ ಫಾನ್ ಡೆರ್ ಫೆಹರ್ ಮತ್ತು ಜೊತೆಗಾರರು ಸ್ವಯಂಸೇವಕರಿಗೆ 23 ದಿನ ಹಲ್ಲುಜ್ಜದಂತೆ, ದಿನಕ್ಕೆ 9 ಸಲ ಸಕ್ಕರೆ ದ್ರಾವಣ ಮುಕ್ಕಳಿಸುವಂತೆ ಹೇಳಿ ಮಚ್ಚೆ ಹುಟ್ಟಿಸಿದರು; ಶುಚಿತ್ವ ಮತ್ತು ಫ್ಲೋರೈಡ್ ಮರಳಿದಾಗ ಅವು ಹಿಮ್ಮೆಟ್ಟಿದವು. ಬೆಳೆಯುವ ಮಚ್ಚೆಯೂ ಅವಸರದ್ದಲ್ಲ. ಫ್ಲೋರೈಡ್ ಬಳಕೆಯಿರುವ ಸಮುದಾಯಗಳಲ್ಲಿ ಶಾಶ್ವತ ಹಲ್ಲಿನ ಸಂದಿಯ ಮಚ್ಚೆ ಎನಾಮೆಲ್ ದಾಟಲು ಸಾಮಾನ್ಯವಾಗಿ ವರ್ಷಗಳೇ ಬೇಕು. ಹಾಲುಹಲ್ಲಿನಲ್ಲಿ ಈ ಗತಿ ವೇಗ, ಎನಾಮೆಲ್ ತೆಳುವಾದ್ದರಿಂದ.

ಮೊದಲ ಕ್ರಮ ಕಾರಣವನ್ನು ತಿದ್ದುವುದು. ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಿ, ಉಗುಳಿ, ಹೆಚ್ಚು ನೀರಿನಲ್ಲಿ ಮುಕ್ಕಳಿಸದೆ ಬಿಡುವುದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್. ಸಕ್ಕರೆಯ ಒಟ್ಟು ಪ್ರಮಾಣದ ಜೊತೆಗೆ ಎಷ್ಟು ಸಲ ಎಂಬುದೂ ನಿರ್ಣಾಯಕ. ದಿನಕ್ಕೆ ಐದಾರು ಲೋಟ ಸಕ್ಕರೆ ಹಾಕಿದ ಕಾಫಿ, ಟೀ ಕುಡಿಯುವ ಮನೆಗಳಲ್ಲಿ ಪ್ರಶ್ನೆ ಊಟದ ಸಿಹಿಯದಲ್ಲ, ನಡುವಿನ ಈ ಗುಟುಕುಗಳದು. ಬೆಲ್ಲಕ್ಕೆ ಬದಲಾಯಿಸಿದರೆ ಹಲ್ಲಿಗೆ ಲಾಭವಿಲ್ಲ, ಬ್ಯಾಕ್ಟೀರಿಯಾಕ್ಕೆ ಎರಡೂ ಸುಕ್ರೋಸೇ.

ವೈದ್ಯರ ಕೈಯಿಂದ ಆಗುವ ಕ್ರಮಗಳು ಮೈಯನ್ನು ಅವಲಂಬಿಸಿವೆ. ಅಮೆರಿಕನ್ ದಂತವೈದ್ಯ ಸಂಘದ 2018ರ ಮಾರ್ಗಸೂಚಿ, ಅಗಿಯುವ ಮೈಯ ಕುಳಿಯಿಲ್ಲದ ಮಚ್ಚೆಗೆ ಸೀಲಂಟ್ (ಗೀರುಗಳನ್ನು ಮುಚ್ಚುವ ಲೇಪ) ಮತ್ತು 5% ಸೋಡಿಯಂ ಫ್ಲೋರೈಡ್ ವಾರ್ನಿಷ್ ಜೊತೆಯಾಗಿ, ಅಥವಾ ಸೀಲಂಟ್ ಒಂದನ್ನೇ ಮುಂದಿಡುತ್ತದೆ. ನುಣುಪು ಮೈಗಳಿಗೆ ವಾರ್ನಿಷ್ ಅಥವಾ ಫ್ಲೋರೈಡ್ ಜೆಲ್, ಸಂದಿಗೆ ವಾರ್ನಿಷ್ ಅಥವಾ ರೆಸಿನ್ ಇಂಗಿಸುವಿಕೆ. 2013ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವಾರ್ನಿಷ್ ಶಾಶ್ವತ ಹಲ್ಲುಗಳಲ್ಲಿ ಹುಳುಕನ್ನು ಸರಾಸರಿ 43% ತಗ್ಗಿಸಿತು, ಹಾಲುಹಲ್ಲುಗಳಲ್ಲಿ 37%. ರೆಸಿನ್ ಇಂಗಿಸುವುದು ಜರ್ಮನಿಯಲ್ಲಿ ರೂಪುಗೊಂಡ ವಿಧಾನ: 15% ಹೈಡ್ರೋಕ್ಲೋರಿಕ್ ಆಮ್ಲದಿಂದ ಮೇಲ್ಪದರ ಸವೆಸಿ, ತೆಳು ರೆಸಿನ್ ರಂಧ್ರಗಳಿಗೆ ಇಳಿಯುವಂತೆ ಮಾಡಿ, ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ರೆಸಿನ್‌ನ ವಕ್ರೀಭವನಾಂಕ ಎನಾಮೆಲ್‌ಗೆ ಹತ್ತಿರವಾದ್ದರಿಂದ ಮುಂಭಾಗದ ಹಲ್ಲುಗಳ ಬಿಳುಪೂ ಮಾಸುತ್ತದೆ. ದರ ಮಾತ್ರ ಹಗುರಲ್ಲ. ಮೈ ಒಡೆದು ಪ್ಲಾಕ್ ತೆಗೆಯಲಾಗದಂತಾದಾಗ ಮಾತ್ರ ಕೊರೆದು ತುಂಬುವುದು ನ್ಯಾಯ.

ಆಕ್ಷೇಪಗಳು

ಕಾಯುವ ನೀತಿಗೆ ಮೊದಲ ಆಕ್ಷೇಪ ಒಳಗಡಗಿದ ಹುಳುಕಿನದು: ಫ್ಲೋರೈಡ್‌ನಿಂದ ಗಟ್ಟಿಯಾದ ಮೇಲ್ಮೈಯಡಿ ಡೆಂಟಿನ್ ಕೊಳೆಯುತ್ತಿದ್ದರೆ? ಅಂಥ ಹಲ್ಲುಗಳಿವೆ. ಆದರೆ ಒಣಗಿಸಿ ನೋಡಿದಾಗ ಅವುಗಳಲ್ಲಿ ಬಹಳಷ್ಟು ನೆರಳಿನಿಂದ ಸಿಕ್ಕಿಬೀಳುತ್ತವೆ, ಉಳಿದವಕ್ಕೆ ಬೈಟ್‌ವಿಂಗ್ ಇದೆ. ಸಂದೇಹಕ್ಕಾಗಿ ಎಲ್ಲ ಗೀರುಗಳನ್ನೂ ತೆರೆಯುವುದು ಇದಕ್ಕೆ ಉತ್ತರವಾಗದು. ಎರಡನೆಯದು, ಸೀಲಂಟ್ ಕೆಳಗೆ ಹುಳುಕನ್ನು ಮುಚ್ಚಿಟ್ಟರೆ ಅದು ಬೆಳೆಯುತ್ತದೆ ಎಂಬ ಭಯ. ಮೆರ್ಟ್ಜ್-ಫೇರ್‌ಹರ್ಸ್ಟ್ ತಂಡ ಡೆಂಟಿನ್ ತಲುಪಿದ ಕುಳಿಗಳನ್ನೇ ಕೊಳೆತ ಭಾಗ ತೆಗೆಯದೆ ಮುಚ್ಚಿ 10 ವರ್ಷ ಗಮನಿಸಿ 1998ರಲ್ಲಿ ವರದಿ ಮಾಡಿತು. ಮುಚ್ಚಳ ಭದ್ರವಾಗಿದ್ದಲ್ಲಿ ಕ್ಷಯ ನಿಂತಿತ್ತು. ಸಕ್ಕರೆ ಸಿಗದ ಬ್ಯಾಕ್ಟೀರಿಯಾ ಆಮ್ಲ ಮಾಡಲಾರದು. ಭದ್ರವಾಗಿದ್ದಲ್ಲಿ ಎಂಬ ಷರತ್ತು ಮಾತ್ರ ಗಂಭೀರ: ಸೀಲಂಟ್ ಸಡಿಲಾಗಿದೆಯೇ ಎಂದು ಆಗಾಗ ನೋಡಲೇಬೇಕು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು. ನೋವಿಲ್ಲದ ರೋಗಿ ಆರು ತಿಂಗಳಿಗೆ ಮತ್ತೆ ಬರುತ್ತಾನೆಂಬ ಭರವಸೆ ನಮ್ಮಲ್ಲಿಲ್ಲ, ಸಿಕ್ಕಾಗಲೇ ತುಂಬಿಬಿಡುವುದು ಮೇಲಲ್ಲವೇ ಎನ್ನುತ್ತಾರೆ ಅನುಭವಿ ವೈದ್ಯರು. ಆತಂಕ ನಿಜ, ತೀರ್ಮಾನ ಸರಿಯಲ್ಲ. ತುಂಬಿದ ಹಲ್ಲಿಗೂ ಮರುಭೇಟಿ ಬೇಕು. ಫಿಲ್ಲಿಂಗ್ ಶಾಶ್ವತವಲ್ಲ, ಪ್ರತಿ ಬದಲಾವಣೆಯಲ್ಲೂ ಕುಳಿ ಹಿಗ್ಗುತ್ತದೆ, ಕೊನೆಗೆ ರೂಟ್ ಕೆನಾಲ್ ಅಥವಾ ಹಲ್ಲು ಕೀಳುವವರೆಗೂ ಹೋಗುತ್ತದೆ. ಬ್ರಿಟನ್ನಿನ ರಿಚರ್ಡ್ ಎಲ್ಡರ್ಟನ್ ವಿವರಿಸಿದ ಮರುಭರ್ತಿಯ ಚಕ್ರ ಇದೇ. ಬಾರದಿರಬಹುದಾದ ರೋಗಿಗೆ ಒಂದೇ ಭೇಟಿಯಲ್ಲಿ ಸೀಲಂಟ್ ಹಾಕಿ ವಾರ್ನಿಷ್ ಬಳಿಯಬಹುದು. ಬಾರದಿರುವಿಕೆ ಕೊರೆಯದೆ ಮುಚ್ಚುವುದಕ್ಕೆ ಕಾರಣವಾಗಬಲ್ಲದೇ ಹೊರತು ಕೊರೆಯುವುದಕ್ಕಲ್ಲ. ಮರುಭೇಟಿಯ ಅವಧಿಯೂ ಎಲ್ಲರಿಗೂ ಆರು ತಿಂಗಳಾಗಬೇಕಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ ಅಪಾಯವನ್ನು ನೋಡಿ ವಯಸ್ಕರಿಗೆ 3ರಿಂದ 24 ತಿಂಗಳು, 18ರೊಳಗಿನವರಿಗೆ 3ರಿಂದ 12 ತಿಂಗಳು ಎಂದು ಸೂಚಿಸಿತು.

ಫ್ಲೋರೋಸಿಸ್ ಜಿಲ್ಲೆಗಳಲ್ಲಿ ಫ್ಲೋರೈಡ್ ಪೇಸ್ಟ್ ಬೇಕೇ ಎಂಬ ನಾಲ್ಕನೆಯ ಪ್ರಶ್ನೆಗೆ ಉತ್ತರ ವಯಸ್ಸಿನಲ್ಲಿದೆ. ಫ್ಲೋರೋಸಿಸ್ ಬರುವುದು ಹಲ್ಲು ರೂಪುಗೊಳ್ಳುವಾಗ ನುಂಗಿದ ಫ್ಲೋರೈಡಿನಿಂದ. ಹುಳುಕು ತಡೆಯುವುದು ಮೂಡಿದ ಹಲ್ಲಿನ ಮೈಗೆ ತಾಗುವ ಫ್ಲೋರೈಡ್. ಅಂಥ ಊರಿನ ಚಿಕ್ಕ ಮಕ್ಕಳಿಗೆ ನೀರಿನ ಮೂಲ ಬದಲಿಸುವುದು ಮೊದಲ ಕೆಲಸ, ಪೇಸ್ಟನ್ನು ದೊಡ್ಡವರೇ ಹಾಕಿಕೊಟ್ಟು ಉಗುಳಿಸಬೇಕು. ದೊಡ್ಡವರಿಗೆ ಈ ಭಯ ಅನ್ವಯಿಸದು. ತೀವ್ರ ಫ್ಲೋರೋಸಿಸ್‌ನ ಗುಳಿಬಿದ್ದ ಹಲ್ಲುಗಳಿಗೂ ಹುಳುಕು ಹಿಡಿಯುತ್ತದೆಂಬುದನ್ನು ಮರೆಯಬಾರದು.

ಇಂದಿನ ಸ್ಥಿತಿ

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ದಂತಕ್ಷಯವಿದೆ. 2021ರಲ್ಲಿ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಗ್ಲಾಸ್ ಅಯೊನೊಮರ್ ಸಿಮೆಂಟ್ ಮತ್ತು ಸಿಲ್ವರ್ ಡೈಅಮೀನ್ ಫ್ಲೋರೈಡ್ ಸೇರಿದವು. ಎರಡನೆಯದು ಕುಳಿಬಿದ್ದ ಕ್ಷಯವನ್ನೂ ಕೊರೆಯದೆ ನಿಲ್ಲಿಸುತ್ತದೆ, ತಾಗಿದ ಕ್ಷಯಭಾಗವನ್ನು ಕಪ್ಪಾಗಿಸುತ್ತದೆ. ಕರ್ನಾಟಕದಲ್ಲಿ ದಂತವೈದ್ಯ ಕಾಲೇಜುಗಳಿಗೆ ಕೊರತೆಯಿಲ್ಲ. ಬಡ ಹಿರಿಯರಿಗೆ ಉಚಿತ ಕೃತಕ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯೂ ಇಲ್ಲಿದೆ. ಅದು ರೋಗದ ಇನ್ನೊಂದು ತುದಿಯದು. ಖಾಸಗಿ ಕ್ಲಿನಿಕ್‌ನಲ್ಲಿ ದರಪಟ್ಟಿ ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್ ಎಂದು ಕೆಲಸಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಮಚ್ಚೆಯನ್ನು ಗುರುತಿಸಿ, ಅಳೆದು, ಕಾದುನೋಡುವುದಕ್ಕೆ ಪ್ರತ್ಯೇಕ ಸಾಲು ವಿರಳ. ಸಮೀಕ್ಷೆಗಳಲ್ಲೂ ಈ ಹಂತಕ್ಕೆ ಜಾಗವಿಲ್ಲ. ಹುಳುಕಾದ, ಬಿದ್ದ, ತುಂಬಿದ ಹಲ್ಲುಗಳನ್ನು ಎಣಿಸುವ ಡಿಎಂಎಫ್‌ಟಿ ಸೂಚ್ಯಂಕದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಂತೆ, ಕುಳಿಯಿಲ್ಲದ ಬಿಳಿ ಮಚ್ಚೆ ಆರೋಗ್ಯದ ಹಲ್ಲೆಂದೇ ದಾಖಲಾಗುತ್ತದೆ. 2002-03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಳುಕು ಕಂಡಿತ್ತು. ಉಳಿದರ್ಧದಲ್ಲಿ ಎಷ್ಟು ಮಕ್ಕಳ ಹಲ್ಲುಗಳಲ್ಲಿ ಮಚ್ಚೆ ಇತ್ತು ಎಂಬುದು ಇಂಥ ಎಣಿಕೆಯಿಂದ ಹೊರಬರುವುದಿಲ್ಲ.